ಓರ್ವಿಲ್ ಎದುರು ‘ಯಾರೂ ಬೇಡ’

ಆ ಚುನಾವಣೆಯಲ್ಲಿ ಓರ್ವಿಲ್ ಸಂಡೀನ್‌ಗೆ ಇದ್ದದ್ದು ಒಬ್ಬನೇ ಎದುರಾಳಿ. ಅವನ ಹೆಸರು ‘ಯಾರೂ ಬೇಡ’. ನಮ್ಮ ಮತಪತ್ರದ ಕೊನೆಯ ಸಾಲಿನಲ್ಲಿ ಪ್ರತಿ ವರ್ಷವೂ ಈ ಹೆಸರು ಇರುತ್ತದೆ, ಪ್ರತಿ ವರ್ಷವೂ ಸೋಲುತ್ತದೆ. ಓರ್ವಿಲ್‌ನ ಹೆಸರನ್ನು ಸೂಚಿಸಿದವನು ನಾನು, ಲೈಲ್ ಕೊಸ್ಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಚೆಗೆ ಕೆಲವರು ನನ್ನ ಬಗ್ಗೆ ಬೇರೆ ಏನೇನೋ ಹೇಳಿಕೊಂಡು ತಿರುಗುತ್ತಿದ್ದಾರೆ. ಅವರು ಹೇಳುವುದೂ ನಿಜವೇ, ಆ ಮಾತು ಬೇರೆ.

ಟ್ಯಾಮರಾಕ್ ಎಂಬುದು ಕಂಪ್ಯೂಟರು ನಡೆಸುವ ತಂತ್ರಾಂಶ. ಯಾರು ಬೇಕಾದರೂ ಬಿಟ್ಟಿ ತೆಗೆದುಕೊಳ್ಳಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು. ನಾನೂರು ಜನ ಸೇರಿ ಸಂಬಳವಿಲ್ಲದೆ ಅದನ್ನು ಕಟ್ಟುತ್ತೇವೆ, ಒಬ್ಬೊಬ್ಬರ ಪಾಲಿಗೆ ಒಂದೊಂದು ತುಂಡು. ಜಗಳವನ್ನೂ ಸಂಬಳವಿಲ್ಲದೆಯೇ ಆಡುತ್ತೇವೆ. ವರ್ಷಕ್ಕೊಮ್ಮೆ ಒಬ್ಬ ಮುಖ್ಯಸ್ಥನನ್ನು ಆರಿಸುತ್ತೇವೆ. ಅವನಿಗೆ ಅಧಿಕಾರ ಅಂತ ಏನೂ ಇಲ್ಲ. ವಾರಕ್ಕೊಂದು ಪತ್ರ ಬರೆಯಬೇಕು, ಉಳಿದ ದಿನ ಬೈಸಿಕೊಳ್ಳಬೇಕು. ಒಂದು ಕಟ್ಟುಪಾಡು ಮಾತ್ರ ಗಟ್ಟಿಯಾಗಿದೆ: ಮುಖ್ಯಸ್ಥನಾದವನು ಆ ವರ್ಷ ಪೂರ್ತಿ ತನ್ನ ತುಂಡನ್ನು ಮುಟ್ಟುವಂತಿಲ್ಲ. ತನ್ನದನ್ನೇ ಮೇಲೆತ್ತಿದ ಎಂದು ಯಾರೂ ಆಡಿಕೊಳ್ಳಬಾರದಲ್ಲ. ಅವನ ಕೆಲಸ ಆ ತುಂಡಿನ ಹೆಸರುಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತದೆ.

ಓರ್ವಿಲ್‌ನ ಪಾಲಿಗಿರುವುದು ಗಡಿಯಾರ. ಯಾವ ದೇಶದಲ್ಲಿ ಈಗ ಎಷ್ಟು ಗಂಟೆ, ಬೇಸಿಗೆಯಲ್ಲಿ ಯಾರು ಗಡಿಯಾರ ಮುಂದಿಡುತ್ತಾರೆ, ಯಾವ ದಿನ ಹಿಂದಿಡುತ್ತಾರೆ, ಅದರ ಪಟ್ಟಿ. ಕೇಳಲಿಕ್ಕೆ ಸುಲಭ. ಆದರೆ ಭೂಮಿಯ ಮೇಲೆ ಯಾವುದಾದರೊಂದು ಸರ್ಕಾರ ‘ಬರುವ ಭಾನುವಾರದಿಂದ ಒಂದು ಗಂಟೆ ಹಿಂದಕ್ಕೆ’ ಎಂದು ಆಜ್ಞೆ ಹೊರಡಿಸುತ್ತಲೇ ಇರುತ್ತದೆ. ಅಷ್ಟರೊಳಗೆ ಪಟ್ಟಿ ತಿದ್ದದಿದ್ದರೆ ಆ ದೇಶದ ಆಸ್ಪತ್ರೆ, ರೈಲು, ಬ್ಯಾಂಕು ಎಲ್ಲ ತಪ್ಪು ಹೊತ್ತು ತೋರಿಸುತ್ತವೆ. ಹಾಗಾಗಿ ಹದಿನೇಳು ವರ್ಷದಿಂದ ಓರ್ವಿಲ್ ಫೋನು ಸಿಗದ ಜಾಗಕ್ಕೆ ಕಾಲಿಟ್ಟವನಲ್ಲ. ನಮ್ಮ ಡುಲುತ್‌ನಲ್ಲಿ ಬೇಸಿಗೆ ಬಂತೆಂದರೆ ಕಾರಿನ ತಲೆ ಮೇಲೆ ದೋಣಿ ಕಟ್ಟಿಕೊಂಡು ಊರಿಗೆ ಊರೇ ಉತ್ತರದ ಕೆರೆಗಳಿಗೆ ಹೋಗಿ ಮಾಯವಾಗುತ್ತದೆ. ಇವನ ದೋಣಿ ಶೆಡ್ಡಿನಲ್ಲಿ ಬೋರಲು ಬಿದ್ದಿದೆ.

ಮಾರ್ಚ್ ಕೊನೆಯ ಭಾನುವಾರ ಅವರ ಮನೆಯಲ್ಲಿ ಊಟ. ಓರ್ವಿಲ್‌ನ ಹೆಂಡತಿ ಲೆನೋರ್ ನನ್ನ ಹೈಸ್ಕೂಲಿನ ಸಹಪಾಠಿ. ಸೂಪು ಬಡಿಸುವಾಗ ಬಟ್ಟಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು ಬಡಿಸಿದಳು. ಕಣ್ಣಿನ ನಡುಭಾಗ ಮಸುಕಾಗುತ್ತಿದೆ, ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ ಎಂದಿದ್ದರಂತೆ ಡಾಕ್ಟರು.

“ನ್ಯೂಫೌಂಡ್‌ಲ್ಯಾಂಡ್ ಹತ್ರ ಒಂದು ದ್ವೀಪದಲ್ಲಿ ನನ್ನ ತಮ್ಮ ಇದಾನೆ,” ಅಂದಳು. “ಜೂನ್‌ನಲ್ಲಿ ಅವನ ಕಿಟಕಿ ಎದುರಿಗೇ ಹಿಮದ ಗುಡ್ಡಗಳು ತೇಲ್ಕೊಂಡು ಹೋಗ್ತವಂತೆ. ಕಣ್ಣಿರೋವಾಗ ನೋಡ್ಬಿಡ್ಬೇಕು ನನಗೆ. ಅಲ್ಲಿ ಫೋನು ಸಿಗಲ್ಲ, ಅದೊಂದೇ ತೊಂದ್ರೆ.”

“ಕೆಲಸ ಯಾರಿಗಾದ್ರೂ ವಹಿಸಿ ಹೋಗೋ ಮಾರಾಯ,” ಅಂದೆ ಓರ್ವಿಲ್‌ಗೆ.

“ಏಳು ಸಲ ಕೇಳ್ಕೊಂಡಿದೀನಿ, ಎಲ್ಲರಿಗೂ ಪತ್ರ ಹಾಕಿ. ಒಬ್ಬರೂ ಉಸಿರೆತ್ತಲಿಲ್ಲ. ನೀನೂ ಎತ್ತಲಿಲ್ಲ.” ಕೋಪವೇನಿರಲಿಲ್ಲ, ಮೆಣಸಿನಪುಡಿ ಉದುರಿಸಿಕೊಳ್ಳುತ್ತ ಹೇಳಿದ.

“ಬಿಟ್ಟು ಎದ್ದು ಬಾ ಅಂದ್ರೆ ಕೇಳಲ್ಲ ಇವನು,” ಅಂದಳು ಲೆನೋರ್.

“ನಡುನೀರಲ್ಲಿ ಕೈಬಿಟ್ಟು ಬರೋಕಾಗುತ್ತಾ? ಅದಕ್ಕೇ ಈ ಸಲ ಮುಖ್ಯಸ್ಥನ ಸ್ಥಾನಕ್ಕೆ ನಿಲ್ತೀನಿ. ಗೆದ್ರೆ ನಿಯಮವೇ ನನ್ನ ಬಿಡಿಸುತ್ತೆ. ವಾರಕ್ಕೊಂದು ಪತ್ರ ತಾನೆ? ದೋಣಿಯವರ ಕೈಲಿ ಕಳಿಸಿದ್ರಾಯ್ತು.”

“ರಜಾ ಸಿಗ್ಲಿ ಅಂತ ಚುನಾವಣೆಗೆ ನಿಲ್ಲೋ ಗಂಡಸು ಇವನೊಬ್ಬನೇ ನೋಡು.”

ನಾನು ಜೋರಾಗಿ ನಕ್ಕೆ. ನಿನ್ನ ಹೆಸರು ನಾನೇ ಸೂಚಿಸುತ್ತೇನೆ, ನೋಡ್ತಿರು, ಎಂದು ಅವನ ಬೆನ್ನು ತಟ್ಟಿದೆ. ಮನಸ್ಸಿನಿಂದಲೇ ತಟ್ಟಿದ್ದು. ಮನೆಗೆ ಬರುವಾಗ ಎತ್ತುಸೇತುವೆ ಮೇಲೆದ್ದಿತ್ತು, ಆ ವರ್ಷದ ಮೊದಲ ಅದಿರಿನ ಹಡಗು ನಿಧಾನಕ್ಕೆ ಹೊರಟಿತ್ತು. ಇಂಜಿನ್ ಆರಿಸಿ ಕಾಯುತ್ತ ಕೂತಾಗ ನೆನಪಾಯಿತು. ಗಡಿಯಾರದ ಹೆಸರುಪಟ್ಟಿಯಲ್ಲಿ ಎರಡನೆಯವನು ನಾನೇ.

ಅದು ಅಲ್ಲಿಗೆ ಬಂದ ಕಥೆ ದೊಡ್ಡದೇನಲ್ಲ. ಒಂಬತ್ತು ವರ್ಷದ ಹಿಂದೆ ಗಡಿಯಾರದ ತುಂಡಿನಲ್ಲಿ ಬಿಟ್ಟುಹೋಗಿದ್ದ ಒಂದು ಅಲ್ಪವಿರಾಮವನ್ನು ಸೇರಿಸಿದ್ದೆ. ಆಗ ಕೆಲಸ ಹುಡುಕುತ್ತಿದ್ದೆ, ನನ್ನ ಹೆಸರೂ ಹಾಕೋ, ನೋಡಿದವರಿಗೆ ತೂಕ ಅನ್ನಿಸುತ್ತೆ ಎಂದು ಓರ್ವಿಲ್‌ನನ್ನು ಕೇಳಿದ್ದೆ. ಹಾಕಿದ. ಕೆಲಸವೂ ಸಿಕ್ಕಿತು. ಆಮೇಲೆ ಅವನು ಕಳಿಸಿದ್ದಕ್ಕೆ ಒಪ್ಪಿಗೆ ಒತ್ತಿದ್ದು ಬಿಟ್ಟರೆ ನಾನು ಆ ಕಡೆ ತಲೆ ಹಾಕಿ ಮಲಗಿದವನಲ್ಲ.

ಏಪ್ರಿಲ್ ತಿಂಗಳೆಲ್ಲ ಅಭ್ಯರ್ಥಿಗೆ ಪ್ರಶ್ನೆ ಕೇಳುವ ಕಾಲ. ಬೇರೆ ಅಭ್ಯರ್ಥಿಗಳಾದರೆ ಕನಸು ಮಾರುತ್ತಾರೆ. ಓರ್ವಿಲ್ ಎರಡೆರಡು ಸಾಲಿನಲ್ಲಿ ಉತ್ತರ ಕೊಟ್ಟು ಸುಮ್ಮನಾದ. ಅಷ್ಟಕ್ಕೇ ನಿಲ್ಲಿಸಿದ್ದರೆ ಗೆಲ್ಲುತ್ತಿದ್ದ. ಆದರೆ ಪ್ರಾಮಾಣಿಕತೆ ಅನ್ನುವ ರೋಗ ಇದೆಯಲ್ಲ, ಸುಮ್ಮನಿರಲು ಬಿಡಲಿಲ್ಲ. ತನ್ನ ನಂತರ ಬರುವವರಿಗೆ ಅನುಕೂಲವಾಗಲಿ ಎಂದು ಗಡಿಯಾರದ ಕೆಲಸ ಹೇಗೆ ಮಾಡಬೇಕೆಂದು ನಲವತ್ತೊಂದು ಪುಟ ಬರೆದು ಎಲ್ಲರ ಮುಂದಿಟ್ಟ. ಯಾವ ದೇಶದ ರಾಜಪತ್ರ ಯಾವ ವಾರ ಬರುತ್ತದೆ, ಯಾವ ಮಂತ್ರಿ ಬದಲಾದರೆ ಗಡಿಯಾರವೂ ಬದಲಾಗುವ ಸಂಭವ ಹೆಚ್ಚು, ಯಾವ ದ್ವೀಪದ ಆಡಳಿತ ಕಚೇರಿ ಫೋನು ಎತ್ತುವುದಿಲ್ಲವಾದ್ದರಿಂದ ಅದರ ಎದುರಿನ ಬೇಕರಿಗೆ ಫೋನು ಮಾಡಿ ಗಂಟೆ ಕೇಳಬೇಕು, ಎಲ್ಲವೂ ಅದರಲ್ಲಿತ್ತು.

ಅದನ್ನು ಓದಿದವರೆಲ್ಲ ಬೆವೆತರು. ಮರುದಿನದಿಂದ ಹೊಗಳಿಕೆ ಶುರುವಾಯಿತು. ಇಂಥ ಮನುಷ್ಯ ನಮಗೆ ಸಿಕ್ಕಿದ್ದೇ ಪುಣ್ಯ, ಇವರಿಲ್ಲದ ಟ್ಯಾಮರಾಕನ್ನು ಊಹಿಸಲೂ ಆಗದು ಎಂದು ಒಬ್ಬರಾದ ಮೇಲೆ ಒಬ್ಬರು ಬರೆದರು. ಪಾಪ, ಓರ್ವಿಲ್ ಒಬ್ಬೊಬ್ಬರಿಗೂ ಧನ್ಯವಾದ ಹೇಳಿದ. ಎಲ್ಲರಿಗಿಂತ ಉದ್ದದ ಹೊಗಳಿಕೆ ನನ್ನದಾಗಿತ್ತು.

ಮತ ಹಾಕುವ ದಿನ ಮತಪತ್ರ ತೆರೆದುಕೊಂಡು ಕೂತೆ. ಮೆಚ್ಚಿದ ಕ್ರಮದಲ್ಲಿ ಒಂದು, ಎರಡು ಎಂದು ಬರೆಯಬೇಕು. ‘ಯಾರೂ ಬೇಡ’ಕ್ಕೆ ಒಂದು ಹಾಕಿದೆ, ಓರ್ವಿಲ್‌ಗೆ ಎರಡು. ಅವನು ಹೇಗೂ ನೂರು ಮತದಿಂದ ಗೆಲ್ಲುತ್ತಾನೆ, ಲೆನೋರ್ ಹಿಮದ ಗುಡ್ಡ ನೋಡುತ್ತಾಳೆ, ನಾನು ಬೇಕರಿಗೆ ಫೋನು ಮಾಡುತ್ತೇನೆ, ಎಲ್ಲ ಖಚಿತ ಎಂದುಕೊಂಡಿದ್ದೆ. ನನ್ನ ಮತ ಒಂದು ನಿಟ್ಟುಸಿರು ಅಷ್ಟೇ. ನಿಟ್ಟುಸಿರು ಬಿಡಲೂ ಹಕ್ಕಿಲ್ಲವೇ ಮನುಷ್ಯನಿಗೆ?

ಹಾಗೆ ನಿಟ್ಟುಸಿರು ಬಿಟ್ಟವರು ನೂರ ನಾಲ್ಕು ಜನ. ಓರ್ವಿಲ್‌ಗೆ ಬಿದ್ದದ್ದು ನೂರ ಒಂದು. ಚುನಾವಣೆ ನಡೆಸುವ ಮಾಂಟ್ರಿಯಲ್‌ನ ಮಿರೇಯ್ ಫಲಿತಾಂಶದ ಜೊತೆಗೆ, ಪದ್ಧತಿಯಂತೆ, ಯಾರು ಯಾರಿಗೆ ಹಾಕಿದರು ಎಂಬ ಪಟ್ಟಿಯನ್ನೂ ಹೆಸರು ಸಮೇತ ಪ್ರಕಟಿಸಿದಳು. ಮತ ಗುಟ್ಟಾಗಿರಲಿ ಎಂದು ಎರಡು ವರ್ಷದ ಹಿಂದೆ ಒಬ್ಬರು ಸಲಹೆ ತಂದಿದ್ದರು. ನಮ್ಮಂಥವರಿಗೆ ಮುಚ್ಚಿಡೋದು ಏನಿದೆ ಎಂದು ಹನ್ನೊಂದು ಪತ್ರ ಬರೆದು ಆ ಸಲಹೆಯನ್ನು ಮಣ್ಣುಗೂಡಿಸಿದವನು ನಾನೇ.

ಶನಿವಾರ ಬೆಳಗ್ಗೆ ಎಂದಿನಂತೆ ಸುಪೀರಿಯರ್ ಬೀದಿಯ ಹೋಟೆಲಿನಲ್ಲಿ ಓರ್ವಿಲ್ ಸಿಕ್ಕ. ಮೊಟ್ಟೆ, ಹುರಿದ ಆಲೂಗಡ್ಡೆ ಬಂದವು. ನಾನು ತಟ್ಟೆ ನೋಡಿಕೊಂಡೇ ಕೂತಿದ್ದೆ.

“ನಿನ್ನ ಮತ ನೋಡಿದೆ ಕಣೋ,” ಅಂದ.

“ಮೂರು ಮತದ ಅಂತರ, ಓರ್ವಿಲ್. ನಂದು ನಿನಗೆ ಬಿದ್ದಿದ್ರೂ ಒಂದು ಕಮ್ಮಿಯಾಗ್ತಿತ್ತು.”

“ಹೌದು, ನಾನೂ ಲೆಕ್ಕ ಹಾಕಿದೆ.” ಸ್ವಲ್ಪ ಹೊತ್ತು ಅಗಿದ. “ಎರಡನೇದಾದ್ರೂ ನನಗೆ ಹಾಕಿದೀಯ. ಎಷ್ಟೋ ಜನ ಅದನ್ನೂ ಹಾಕಿಲ್ಲ.”

“ಯಾಕೆ ಹಂಗೆ ಮಾಡ್ದೆ ಅಂತ ಕೇಳಲ್ವಾ?”

“ಗಡಿಯಾರದ ಪಟ್ಟೀಲಿ ಎರಡನೇ ಹೆಸರು ನಿಂದು. ಕೇಳೋದೇನು ಬಂತು? ಕೆಚಪ್ ಈ ಕಡೆ ಕೊಡು.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ತಿಂಡಿಯ ದುಡ್ಡನ್ನೂ ಅವನೇ ಕೊಟ್ಟ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಸೇರಿತು.

ಮೇ ಕೊನೆಯ ವಾರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಫೋನಿನಲ್ಲಿ ಓರ್ವಿಲ್‌ನ ಹೆಸರಿನಲ್ಲಿ ಒಂದು ಕೋರಿಕೆ ಬಂತು. ಟ್ಯಾಮರಾಕ್‌ನಲ್ಲಿ ಎಂಥ ಸಣ್ಣ ತಿದ್ದುಪಡಿಯನ್ನೂ ಒಬ್ಬನೇ ಸೇರಿಸುವಂತಿಲ್ಲ, ಆ ತುಂಡಿನ ಹೆಸರುಪಟ್ಟಿಯಲ್ಲಿರುವ ಇನ್ನೊಬ್ಬ ನೋಡಿ ಒಪ್ಪಬೇಕು. ಗಡಿಯಾರದಲ್ಲಿ ನಾನು ಒಂಬತ್ತು ವರ್ಷ ಮಾಡಿದ ಸೇವೆ ಅದೊಂದೇ. ಓರ್ವಿಲ್‌ನದು ಎಂದ ಮೇಲೆ ನೋಡುವುದೇನಿದೆ? ಮೊಳೆಯ ಡಬ್ಬಿಯನ್ನು ಕಂಕುಳಲ್ಲಿ ಅದುಮಿಕೊಂಡು, ಒಪ್ಪಿಗೆ ಒತ್ತಿ, ದುಡ್ಡು ಕೊಟ್ಟು ಹೊರಬಂದೆ.

ಕಾರು ಹತ್ತುವಷ್ಟರಲ್ಲಿ ನಾನೂರು ಜನಕ್ಕೂ ಪ್ರಕಟಣೆ ಹೋಗಿತ್ತು. ‘ಗಡಿಯಾರದ ಹೆಸರುಪಟ್ಟಿಯಿಂದ ಓರ್ವಿಲ್ ಸಂಡೀನ್ ಹೆಸರು ತೆಗೆಯಲಾಗಿದೆ. ಉಳಿದ ಹೆಸರು: ಲೈಲ್ ಕೊಸ್ಕಿ. ಪರಿಶೀಲಿಸಿ ಒಪ್ಪಿದವರು: ಲೈಲ್ ಕೊಸ್ಕಿ.’

ಅಲ್ಲಿಂದಲೇ ಫೋನು ಮಾಡಿದೆ. ಎತ್ತಿದ್ದು ಲೆನೋರ್.

“ಓರ್ವಿಲ್‌ಗೆ ಕೊಡು. ಇದನ್ನ ವಾಪಸ್ ತಗೋಬೇಕು ಅವನು.”

“ಅವನು ದೋಣಿಗೆ ಬಣ್ಣ ಹೊಡೀತಿದಾನೆ. ವಾಪಸ್ ತಗೋಳೋಕೂ ಎರಡು ಹೆಸರು ಬೇಕಂತಲ್ಲ. ಈಗಿರೋದು ನಿಂದೊಂದೇ.”

“ನನಗೆ ಒಂದು ಮಾತಾದ್ರೂ ಹೇಳ್ಬಾರ್ದಿತ್ತಾ ಅವನು?”

“ಒಂದು ವಾರ ಒದ್ದಾಡಿದಾನೆ ಲೈಲ್. ಬರೆದಿಟ್ಕೊಂಡು ಕಳಿಸ್ತಾನೇ ಇರ್ಲಿಲ್ಲ. ನಿನಗೆ ಮೋಸ ಮಾಡ್ದಂಗಾಗುತ್ತೆ ಅಂತ ಊಟ ಬಿಟ್ಟು ಕೂತಿದ್ದ. ಕಳಿಸಿದ್ದು ನಾನು.”

ನನಗೆ ಮೋಸವಾಗುತ್ತದೆಂದು ಊಟ ಬಿಟ್ಟವನು ಅವನು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

“ನಿನಗೆ ಅದೆಲ್ಲ ಕಾಣುತ್ತಾ?” ಅಂದೆ.

“ಅಕ್ಷರ ದೊಡ್ಡದು ಮಾಡ್ಕೊಂಡ್ರೆ ಕಾಣುತ್ತೆ. ಒಂದು ಸಲಕ್ಕೆ ಎರಡೇ ಪದ. ಮೊದಲಿಂದ ಕೊನೇವರೆಗೆ ಎರಡು ಸಲ ಓದಿ ಆಮೇಲೆ ಒತ್ತಿದೆ. ಅರ್ಧ ಗಂಟೆ ಹಿಡೀತು.” ಅವಳ ದನಿಯಲ್ಲಿ ಕುಹಕವಿರಲಿಲ್ಲ. “ನೀನೂ ಓದ್ತೀಯ, ಓದಿ ಆಗಲ್ಲ ಅಂತೀಯ ಅಂದ್ಕೊಂಡಿದ್ದೆ ಲೈಲ್. ಪ್ರಯಾಣದ ಪೆಟ್ಟಿಗೆ ಕೂಡ ಅಟ್ಟದಿಂದ ಇಳಿಸಿರ್ಲಿಲ್ಲ ನಾನು.”