ಕಿರುಗುಟ್ಟುವ ಕುರ್ಚಿ

ಊರ್ಮಿಳಾ ತೀರಿಕೊಂಡ ಮೇಲೆ ಉಮಾಕಾಂತರಾಯರಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಬೆಳಗ್ಗೆ ಸ್ನಾನ ಮುಗಿಸಿ, ತಂದೆಯಿಂದ ಬಂದ ಕೃಷ್ಣಾಜಿನವನ್ನು ಹಾಸಿ ಜಪಕ್ಕೆ ಕೂರುವರು. ಜಪಸರ ಅರ್ಧ ತಿರುಗುವಷ್ಟರಲ್ಲಿ ಎದ್ದುಬಿಡುವರು. ಒಲೆ ಆರಿಸಿದೆನೇ ಎಂದು ಹೋಗಿ ನೋಡುವರು. ಬಾಗಿಲ ಚಿಲಕ ಮುಟ್ಟಿ ನೋಡುವರು. ಕಿಟಕಿಯ ಬಳಿ ನಿಂತು, ಕೆಳಗೆ ಬಸ್ಸಿಗೆ ಕಾಯುವವರ ಟೋಪಿಗಳನ್ನು ನೋಡುವರು. ಮತ್ತೆ ಬಂದು ಕೂತರೆ ಎಲ್ಲಿ ಬಿಟ್ಟಿದ್ದೆನೆಂಬುದು ಮರೆತುಹೋಗಿರುತ್ತಿತ್ತು. ಮಗಳು ಕೇಳಿದಾಗ ಮೊಣಕಾಲು ನೋವು ಎಂದಿದ್ದರು. ಮೊಣಕಾಲು ನೋಯುತ್ತಿದ್ದುದು ನಿಜ, ಆದರೆ ಏಳುತ್ತಿದ್ದುದು ಅದಕ್ಕಲ್ಲ.

ಮಗಳು ಅದಿತಿ ಸ್ವೀಡನ್ನಿನ ಉಪ್ಸಾಲಾದಲ್ಲೇ ಹುಟ್ಟಿ ಬೆಳೆದವಳು. ರಾಯರು ವಿಶ್ವವಿದ್ಯಾಲಯದ ಕೆಲಸಕ್ಕೆಂದು ಮೈಸೂರಿನಿಂದ ಬಂದು ಅಲ್ಲೇ ನಿಂತವರು. ಅವಳು ಔಷಧಿ ಕಂಪನಿಯೊಂದರಲ್ಲಿದ್ದಳು. ಊರಾಚೆ ಇಂಗೆಮಾರ್ ಎಂಬ ರೈತನ ಜಮೀನಿನಲ್ಲಿ ಚಿಕ್ಕದೊಂದು ಮರದ ಮನೆಯನ್ನು ಬಾಡಿಗೆಗೆ ಹಿಡಿದಿದ್ದಳು. ಇಂಗೆಮಾರ್ ಆ ಭಾಗದ ಬೇಟೆ ತಂಡದ ಮುಖಂಡ. ಅವನ ಜೊತೆ ಓಡಾಡಿ, ಪರೀಕ್ಷೆ ಕಟ್ಟಿ, ಪರವಾನಗಿ ಪಡೆದು, ಬರುವ ಅಕ್ಟೋಬರಿನಲ್ಲಿ ಅವಳೂ ಮೊದಲ ಸಲ ಮೂಸ್ ಬೇಟೆಗೆ ಹೋಗುವವಳಿದ್ದಳು. ಮೂಸ್ ಎಂದರೆ ನಮ್ಮ ಕಡವೆಯ ಬಳಗದ್ದೇ, ಆದರೆ ಕುದುರೆಗಿಂತ ಎತ್ತರದ ಪ್ರಾಣಿ.

ಹಿಂದಿನ ಚಳಿಗಾಲ ಊಟಕ್ಕೆ ಕೂತಾಗ ಅವಳು ಈ ಸುದ್ದಿ ಹೇಳಿದ್ದೇ ತಡ, ರಾಯರು ತಟ್ಟೆ ಬಿಟ್ಟು ಎದ್ದಿದ್ದರು. ಊರ್ಮಿಳಾ ಏಳಲಿಲ್ಲ. ಮಗಳಿಗೆ ಇನ್ನೊಂದು ಸೌಟು ಹುಳಿ ಬಡಿಸಿ, "ಕಾಡಲ್ಲಿ ಎಷ್ಟು ಹೊತ್ತು ಕೂರ್ಬೇಕೇ?" ಎಂದು ಕೇಳಿದರು.

"ಕೆಲವು ಸಲ ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ."

"ಒಬ್ಬಳೇನಾ?"

"ಒಬ್ಬೊಬ್ರು ಒಂದೊಂದು ಪಾಸಲ್ಲಿ." ಪಾಸ್ ಎಂದರೆ ಬೇಟೆಗಾರ ಕಾದು ಕೂರುವ ಜಾಗ.

"ಹಾಗಾದ್ರೆ ನಾನೂ ಬಂದು ಕೂತ್ಕೋತೀನಿ. ಹೊತ್ಕೊಂಡು ಹೋಗೋ ಅಂಥದ್ದೊಂದು ಒಳ್ಳೆ ಕುರ್ಚಿ ನೋಡು ನಂಗೆ. ನೆಲದ ಮೇಲೆ ಕೂತ್ರೆ ಎಬ್ಬಿಸೋಕೆ ಕ್ರೇನ್ ತರಿಸ್ಬೇಕಾಗತ್ತೆ."

ಆಮೇಲೆ ಕೋಣೆಯಲ್ಲಿ ರಾಯರು ರೇಗಿದರು. ಆಕೆ ಬಟ್ಟೆ ಮಡಿಸುತ್ತಲೇ ಹೇಳಿದರು: "ಬೇಡ ಅಂತ ನಾನೂ ಹೇಳ್ತೀನಿ. ಕೇಳೋದು ಬಿಡೋದು ಅವಳಿಗೆ ಬಿಟ್ಟಿದ್ದು. ಆದ್ರೆ ಅಂಥ ಕೆಲಸ ಮಾಡೋವಾಗ ಮಗು ಒಬ್ಬಳೇ ಇರ್ಬಾರ್ದು ಕಣ್ರೀ."

ಮಾರ್ಚಿನಲ್ಲಿ ಆಕೆ ಹೋದರು. ಆಸ್ಪತ್ರೆಯಿಂದ ಕರೆ ಬಂದು, ರಾಯರು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಮುಗಿದಿತ್ತು. ಕೈಚೀಲದಲ್ಲಿ ಒಯ್ದಿದ್ದ ಗಂಗೆಯ ಸಣ್ಣ ತಂಬಿಗೆಯ ಬೆಸುಗೆಯನ್ನು ಒಡೆಯಲೇ ಇಲ್ಲ.

ಸೆಪ್ಟೆಂಬರಿನ ಮಾಸಿಕ ಮುಗಿದ ದಿನ, ಊಟವಾದ ಮೇಲೆ ಅದಿತಿ ಕೇಳಿದಳು: "ಅಪ್ಪ, ಅಮ್ಮ ನನ್ ಜೊತೆ ಕೂತ್ಕೋತೀನಿ ಅಂದಿದ್ಲು. ನೀವು ಬರ್ತೀರಾ?"

ರಾಯರು ಎದ್ದು ನೀರಿನ ನಲ್ಲಿ ನಿಲ್ಲಿಸಿ ಬಂದರು. ಅದು ನಿಂತೇ ಇತ್ತು. "ಈ ವರ್ಷ ಬೇಡ ಪುಟ್ಟಿ. ವರ್ಷಾಬ್ದಿಕ ಆಗ್ಲಿ. ನಿಮ್ಮಮ್ಮ ಇನ್ನೂ ದಾರೀಲಿದ್ದಾಳೆ. ನೀನು ಒಂದು ಜೀವ ತೆಗೆದ್ರೆ ಆ ಭಾರ ಅವಳ ಮೇಲೆ."

"ಅಮ್ಮನೇ ಬರ್ತೀನಿ ಅಂದಿದ್ಲಲ್ಲ."

"ಹಿಂಸೆ ಹಿಂಸೇನೇ."

"ನೀವು ದಿನಾ ಕೂರೋ ಆ ಚರ್ಮ? ಆ ಜಿಂಕೆಗೇನು ಹಾರ್ಟ್ ಅಟ್ಯಾಕ್ ಆಗಿತ್ತಾ?"

"ಅದು ನನ್ನ ತಂದೆಗೆ ಯಾರೋ ಕೊಟ್ಟಿದ್ದು. ನಾನು ಕೊಂದಿದ್ದಲ್ಲ."

"ಕೂತಿದ್ದು ಯಾರು?"

ರಾಯರು ಕಿಟಕಿಯ ಬಳಿ ಹೋಗಿ ನಿಂತರು. ಅದಿತಿ ಮಾತು ಜಾಸ್ತಿಯಾಯಿತೆಂದು ಮುಖ ತಗ್ಗಿಸಿದಳು. ಬಟ್ಟಲುಗಳನ್ನು ತೊಳೆದಿಟ್ಟು, ಕೋಟು ಹಾಕಿಕೊಂಡು, "ನಾನು ಹೋಗೇ ಹೋಗ್ತೀನಿ ಅಪ್ಪ. ನೀವು ಬರೋದು ನಿಮ್ಮಿಷ್ಟ," ಎಂದು ಹೊರಟುಬಿಟ್ಟಳು.

ಆ ವಾರವೆಲ್ಲ ರಾಯರು ಮನೆಯೊಳಗೆ ತಿರುಗಿದರು. ಹೋಗದಿದ್ದರೆ ಊರ್ಮಿಳೆಯ ಮಾತು ಮುರಿಯುತ್ತದೆ. ಹೋದರೆ ಮಗಳ ಕೈಯಿಂದ ರಕ್ತ ಬೀಳುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಶನಿವಾರ ಫೋನು ಮಾಡಿ, "ಬರ್ತೀನಿ. ಕುರ್ಚಿ ಕೊಡಿಸು," ಎಂದರು.

ಬೇಟೆ ಸಾಮಾನಿನ ಅಂಗಡಿಗೆ ಶೇಷಾದ್ರಿಗಳೂ ಬಂದರು. ಅವರು ರಾಯರ ಜೊತೆಯಲ್ಲೇ ನಿವೃತ್ತರಾದವರು, ಬ್ರಹ್ಮಚಾರಿ. ಎಲ್ಲಿ ಕರೆದರೂ ಬರುವ ಜೀವ. ಒಳಗೆ ಕಾಲಿಟ್ಟು, ಸಾಲಾಗಿ ತೂಗುಹಾಕಿದ್ದ ಕಿತ್ತಳೆ ಬಣ್ಣದ ಟೋಪಿಗಳನ್ನು ಕಂಡೊಡನೆ, "ನಮ್ಮಲ್ಲಿ ಈ ಬಣ್ಣ ಹಾಕೊಂಡ್ರೆ ಸನ್ಯಾಸಿ. ಇಲ್ಲಿ ಬೇಟೆಗಾರ. ಒಂದು ಹಾಕ್ಕೊಳಿ ರಾಯರೇ, ಎರಡಕ್ಕೂ ಆಗತ್ತೆ," ಎಂದರು.

"ಮೂರು ವಿಷಯ ನೋಡ್ಬೇಕು ಅಪ್ಪ," ಎಂದಳು ಅದಿತಿ. "ಹಗುರ ಇರ್ಬೇಕು, ಕೆಳಗಿಂದ ಚಳಿ ಹತ್ತಬಾರ್ದು, ಸದ್ದು ಮಾಡಬಾರ್ದು. ಸದ್ದೇ ಮುಖ್ಯ. ಮೂಸ್‌ಗೆ ಕಣ್ಣು ಅಷ್ಟಕ್ಕಷ್ಟೆ, ಕಿವಿ ಮಾತ್ರ ಭಯಂಕರ." ಹೇಳಿ ಅವಳು ಕಾಲುಚೀಲಗಳ ಕಡೆ ಹೋದಳು.

ಅಂಗಡಿಯ ಹೆಂಗಸು ಒಂದೊಂದನ್ನೇ ತಂದಿಟ್ಟಳು. ಮೊದಲನೆಯದು ಮೂರು ಕಾಲಿನ ಮರದ ಮಣೆ, ಮೇಲೆ ತೊಗಲು. ಒಯ್ಯಲು ಸುಲಭ, ಆದರೆ ಒರಗಲು ಬೆನ್ನಿಲ್ಲ. ಪಾಚಿಯ ನೆಲದಲ್ಲಿ ಒಂದು ಕಾಲು ಇಳಿದರೆ ವಾಲುತ್ತದೆ ಎಂದು ಅವಳೇ ಹೇಳಿದಳು. ಎರಡನೆಯದು ಬೆನ್ನಿರುವ ತಗ್ಗು ಕುರ್ಚಿ. ಅದರಲ್ಲಿ ಶೇಷಾದ್ರಿಗಳು ಪರೀಕ್ಷೆಗೆಂದು ಕೂತು, ಕಾಲು ಚಾಚಿ, ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. "ಇದು ಬೇಡ," ಎಂದರು ರಾಯರು. ನೆಲಕ್ಕೆ ಹಾಸುವ ರಬ್ಬರಿನ ದಪ್ಪ ಹಾಸು ರಾಯರ ಮೊಣಕಾಲಿಗೆ ಆಗುವಂತಿರಲಿಲ್ಲ. ಹಿಮಸಾರಂಗದ ಚರ್ಮವೂ ಇತ್ತು. ರಾಯರು ಅದರ ರೋಮದ ಮೇಲೆ ಅಂಗೈ ಇಟ್ಟು, ತಟ್ಟನೆ ತೆಗೆದರು.

ಕೊನೆಯದು ಬೆನ್ನಚೀಲ. ಅದಕ್ಕೆ ಹೊಂದಿಸಿದ ಕಬ್ಬಿಣದ ಚೌಕಟ್ಟನ್ನು ಬಿಡಿಸಿದರೆ ಕುರ್ಚಿಯಾಗುತ್ತಿತ್ತು. ಎತ್ತರ ಸರಿಯಾಗಿತ್ತು, ಸೊಂಟಕ್ಕೆ ಹಿತವಾಗಿತ್ತು. ರಾಯರು ಕೂತು ಸ್ವಲ್ಪ ಎಡಕ್ಕೆ ವಾಲಿದರು. ಕೀಲು ಕಿರ್ರೆಂದಿತು.

"ಇದೊಂದು ದೋಷ," ಎಂದಳು ಅಂಗಡಿಯ ಹೆಂಗಸು. "ಚಳಿಯಲ್ಲಿ ಇನ್ನೂ ಜಾಸ್ತಿ. ಮೀನು ಹಿಡಿಯುವವರಿಗೆ ಪರವಾಗಿಲ್ಲ."

ರಾಯರು ಬಲಕ್ಕೆ ವಾಲಿದರು. ಮತ್ತೆ ಕಿರ್ರೆಂದಿತು. ಅವರ ಮನಸ್ಸಿನಲ್ಲಿ ವಾರದಿಂದ ಸುತ್ತುತ್ತಿದ್ದದ್ದು ಅಲ್ಲಿ ನಿಂತಿತು. ಇದರಲ್ಲಿ ಕೂತರೆ ಊರ್ಮಿಳೆಯ ಮಾತೂ ಉಳಿಯಿತು. ಪ್ರಾಣಿ ಬಂದಾಗ ಮೈ ಸ್ವಲ್ಪ ಕದಲಿಸಿದರೆ ಅದರ ಜೀವವೂ ಉಳಿಯಿತು. ಯಾರೂ ಏನೂ ಅನ್ನುವಂತಿಲ್ಲ.

ಎಚ್ಚರವಾಗಿದ್ದ ಶೇಷಾದ್ರಿಗಳು ಹತ್ತಿರ ಬಂದರು. "ಏನ್ರೀ ಇದು, ನಮ್ಮ ಲ್ಯಾಬಿನ ಹಳೇ ಬಾಗಿಲ ಥರಾ ಕೂಗತ್ತೆ!"

"ಸೊಂಟಕ್ಕೆ ಚೆನ್ನಾಗಿದೆ," ಎಂದು ರಾಯರು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

ಬೇಟೆಯ ಎರಡನೆಯ ದಿನ ರಾಯರು ಮಗಳ ಜೊತೆ ಹೊರಟರು. ಬೆಳಗ್ಗೆ ಇಂಗೆಮಾರ್ ಎಲ್ಲರನ್ನೂ ಕೊಟ್ಟಿಗೆಯ ಮುಂದೆ ಸೇರಿಸಿ ಹೇಳಿದ: ಹೊಡೆಯಲು ಅನುಮತಿಯಿದ್ದ ದೊಡ್ಡ ಪ್ರಾಣಿಗಳ ಲೆಕ್ಕ ನಿನ್ನೆಯೇ ಮುಗಿದಿದೆ. ಇವತ್ತು ಮರಿಗಳು ಮಾತ್ರ. ತಾಯಿಯನ್ನು ಯಾರೂ ಮುಟ್ಟಕೂಡದು.

"ಮರೀನಾ?" ಎಂದು ರಾಯರು ನಡೆಯುತ್ತ ಕೇಳಿದರು.

"ತಾಯಿ ಹೋದ್ರೆ ಮರಿ ಚಳಿಗಾಲ ದಾಟಲ್ಲ ಅಪ್ಪ. ಮರಿ ಹೋದ್ರೆ ತಾಯಿ ದಾಟತ್ತೆ."

"ದಾಟತ್ತೆ," ಎಂದರು ರಾಯರು.

ಪಾಸ್ ಇದ್ದದ್ದು ಮರ ಕಡಿದು ಬಯಲಾಗಿದ್ದ ಜಾಗದ ಅಂಚಿನಲ್ಲಿ. ಎದುರಿಗೆ ಬರ್ಚ್ ಗಿಡಗಳ ಸಾಲು, ಅದರ ಹಿಂದೆ ಕಪ್ಪಗೆ ಸ್ಪ್ರೂಸ್ ಕಾಡು. ಅದಿತಿ ಮೂರು ಕಾಲಿನ ಮಣೆಯ ಮೇಲೆ ಬಂದೂಕನ್ನು ಮಡಿಲಲ್ಲಿಟ್ಟು ಕೂತಳು. ರಾಯರು ಅವಳ ಪಕ್ಕದಲ್ಲಿ ಕುರ್ಚಿ ಬಿಡಿಸಿ ಕೂತರು. ಅದು ಕೂಗಿತು.

ಸ್ವಲ್ಪ ಹೊತ್ತಿಗೆ ಅವರಿಗೆ ಕಾಲು ಜೋಮು ಹಿಡಿಯಿತು. ಕದಲಿದರು, ಕೂಗಿತು. ಕೈಗವಸು ಬಿಗಿಯಾಯಿತೆಂದು ಕದಲಿದರು. ಒಲೆ ಆರಿಸಿದ್ದು ನೆನಪಿತ್ತು. ಆದರೂ ಆರಿಸಿದೆನೇ ಎನ್ನಿಸಿತು. ಬೆರಳ ಗೆಣ್ಣಿನ ಮೇಲೆ ಜಪ ಎಣಿಸಲು ಹೊರಟರು, ತಪ್ಪಿತು.

"ಅಪ್ಪ, ಪ್ಲೀಸ್," ಅದಿತಿ ಪಿಸುಗುಟ್ಟಿದಳು. "ಅಂಗಡೀಲಿ ಇದು ಹೀಗೆ ಕೂಗ್ಲಿಲ್ವಾ?"

"ಚಳಿಗೆ ಇರ್ಬೇಕು."

ಅವಳು ಅವರ ಮುಖವನ್ನು ನೋಡಿದಳು. ಆಮೇಲೆ ಬಯಲಿನ ಕಡೆ ತಿರುಗಿದಳು.

ದೂರದಲ್ಲಿ ನಾಯಿ ಬೊಗಳಿತು, ನಿಂತಿತು, ಇನ್ನೊಂದು ಕಡೆಯಿಂದ ಬೊಗಳಿತು. ರೇಡಿಯೋದಲ್ಲಿ ಯಾರೋ ಸ್ವೀಡಿಷ್‌ನಲ್ಲಿ ಎರಡು ಮಾತು ಆಡಿದರು. ಅಷ್ಟರಲ್ಲಿ ಬರ್ಚ್ ಗಿಡಗಳ ನಡುವೆ, ಯಾವ ಸದ್ದೂ ಇಲ್ಲದೆ, ಅವು ನಿಂತಿದ್ದವು. ಮೊದಲು ತಾಯಿ, ಎತ್ತರದ ಬೂದು ಕಾಲುಗಳು, ಜೋಲು ಮೂಗು. ಅದರ ಪಕ್ಕೆಗೆ ಒತ್ತಿಕೊಂಡು ಕೆಂಗಂದು ಮರಿ.

ಅದಿತಿ ಬಂದೂಕು ಎತ್ತಿದಳು.

ಇದೇ ಹೊತ್ತು. ರಾಯರು ಮಾಡಬೇಕಾದದ್ದು ಇಷ್ಟೇ, ಸೊಂಟವನ್ನು ಒಂದು ಅಂಗುಲ ಸರಿಸುವುದು. ಬೆಳಗಿನಿಂದ ಬೇಡವೆಂದರೂ ಸರಿದ ಸೊಂಟ. ಅವರು ಮಗಳ ಕಡೆ ನೋಡಿದರು. ಅವಳು ಕೆಳತುಟಿಯನ್ನು ಕಚ್ಚಿಕೊಂಡಿದ್ದಳು, ಊರ್ಮಿಳಾ ಸೂಜಿಗೆ ದಾರ ಪೋಣಿಸುವಾಗ ಕಚ್ಚುತ್ತಿದ್ದ ಹಾಗೆ. ಅವಳ ಬೆರಳು ಟ್ರಿಗರ್‌ನ ಹತ್ತಿರ ಹೋಗಿ ಹಿಂದೆ ಸರಿಯಿತು. ಅವಳಿಗೆ ಭಯವಾಗಿತ್ತು. ಅವಳು ಇನ್ನೂ ತೀರ್ಮಾನ ಮಾಡಿರಲಿಲ್ಲ. ಕುರ್ಚಿ ಈಗ ಕೂಗಿದರೆ ಅವಳ ಬದಲು ಅವರು ತೀರ್ಮಾನ ಮಾಡಿದಂತೆ. ಅವಳಿಗೆ ಅದು ಗೊತ್ತಾಗುತ್ತದೆ, ಮುಂದಿನ ವರ್ಷ ಅವಳು ಒಬ್ಬಳೇ ಬಂದು ಕೂರುತ್ತಾಳೆ.

ಶಿವ ಶಿವ ಎಂದು ರಾಯರು ಮನಸ್ಸಿನಲ್ಲಿ ಅಂದುಕೊಂಡರು. ಕದಲಲಿಲ್ಲ. ಎಷ್ಟೋ ತಿಂಗಳಿಂದ ಅವರ ಮೈ ಅಷ್ಟು ನಿಶ್ಚಲವಾಗಿ ಇದ್ದದ್ದಿಲ್ಲ.

ಗುಂಡಿನ ಸದ್ದು ಕಿವಿಯನ್ನು ಮುಚ್ಚಿತು. ಮರಿ ಕೆಲವು ಹೆಜ್ಜೆ ಓಡಿ, ಮುಗ್ಗರಿಸಿದಂತೆ ಮುಂಗಾಲು ಮಡಿಸಿ ಬಿತ್ತು. ಮತ್ತೆ ಏಳಲಿಲ್ಲ. ತಾಯಿ ಕಾಡಿನೊಳಕ್ಕೆ ನುಗ್ಗಿತು.

ಅದಿತಿ ರೇಡಿಯೋದಲ್ಲಿ ತಿಳಿಸುತ್ತಿರುವಾಗಲೇ ತಾಯಿ ಹಿಂತಿರುಗಿ ಬಂತು. ಮರಿಯ ಬಳಿ ನಿಂತು ಮೂಗಿನಿಂದ ದೂಡಿತು. ಸುತ್ತು ಬಂತು. ಕಾಡಿನ ಅಂಚಿಗೆ ಹೋಗಿ, ಏನೋ ಮರೆತುಹೋದಂತೆ ನಿಂತು, ಮತ್ತೆ ಬಂತು. ಮತ್ತೆ ಮೂಗು ತಗ್ಗಿಸಿತು. ಮತ್ತೆ ಹೋಯಿತು, ಬಂತು.

"ಅದು ಹೋಗೋವರೆಗೂ ಏಳ್ಬೇಡಿ ಅಂತಿದ್ದಾನೆ ಇಂಗೆಮಾರ್," ಎಂದಳು ಅದಿತಿ. ಅವಳ ಕೆನ್ನೆ ಒದ್ದೆಯಾಗಿತ್ತು. "ಅಪ್ಪ, ಅದು ಹೋಗ್ತಾನೇ ಇಲ್ಲ."

ರಾಯರು ಆ ಪ್ರಾಣಿಯನ್ನು ನೋಡುತ್ತ ಬಹಳ ಹೊತ್ತು ಕೂತರು. ಅದರ ಬಾಯಿಂದ ಹಬೆ ಏಳುತ್ತಿತ್ತು. ಅಷ್ಟು ದೂರದಿಂದಲೂ ಅದರ ಉಸಿರು ಕೇಳಿಸಿದಂತಿತ್ತು.

"ಹೋಗಬೇಕಮ್ಮ," ಎಂದರು ಮೆಲ್ಲಗೆ. ಮಗಳಿಗಲ್ಲ.

ಆಮೇಲೆ ಸೊಂಟವನ್ನು ಎಡಕ್ಕೆ ಸರಿಸಿದರು. ಕುರ್ಚಿ ಕಿರ್ರೆಂದಿತು. ತಾಯಿ ತಲೆಯೆತ್ತಿತು, ದೊಡ್ಡ ಕಿವಿಗಳು ಇವರ ಕಡೆ ತಿರುಗಿದವು. ರಾಯರು ಬಲಕ್ಕೆ ಸರಿದರು. ಕುರ್ಚಿ ಇನ್ನೂ ಜೋರಾಗಿ ಕೂಗಿತು. ತಾಯಿ ಒಮ್ಮೆ ಮರಿಯ ಕಡೆ ನೋಡಿ, ಉದ್ದ ಕಾಲುಗಳನ್ನು ಹಾಕುತ್ತ, ಸ್ಪ್ರೂಸ್ ಮರಗಳ ನಡುವೆ ಹೊರಟುಹೋಯಿತು. ಈ ಸಲ ತಿರುಗಿ ಬರಲಿಲ್ಲ.

ಅದಿತಿ ಬಂದೂಕನ್ನು ಖಾಲಿ ಮಾಡಿ ಮಡಿಲಲ್ಲಿಟ್ಟುಕೊಂಡಳು. "ಇದು ಕೂಗತ್ತೆ ಅಂತ ಅಂಗಡೀಲೇ ಗೊತ್ತಿತ್ತು. ಅಲ್ವಾ ಅಪ್ಪ?"

"ಗೊತ್ತಿತ್ತು."

"ಅದಕ್ಕೇ ತಗೊಂಡ್ರಾ?"

"ಅದಕ್ಕೇ."

"ಮತ್ತೆ ಆಗ ಯಾಕೆ ಸುಮ್ನಿದ್ರಿ?"

"ನಿಮ್ಮಮ್ಮನ ಜಾಗದಲ್ಲಿ ಕೂತಿದ್ನಲ್ಲೇ."

ಅವಳು ಕೈಗವಸಿನಿಂದ ಮೂಗು ಒರೆಸಿಕೊಂಡಳು. ರಾಯರು ಚೀಲದ ಜೇಬಿಗೆ ಕೈ ಹಾಕಿದರು. ಬೆಳಗ್ಗೆ ಹೊರಡುವಾಗ ಏಕೆ ಇಟ್ಟುಕೊಂಡೆನೆಂದು ಅವರಿಗೇ ತಿಳಿದಿರಲಿಲ್ಲ. ತಾಮ್ರದ ಸಣ್ಣ ತಂಬಿಗೆ ತಣ್ಣಗೆ ಕೈಗೆ ಸಿಕ್ಕಿತು.

"ಅದರ ಬಾಯಿಗೆ ನೀರು ಬಿಡಬಹುದಾ ಅಂತ ಇಂಗೆಮಾರ್‌ನ ಕೇಳು."

ಅದಿತಿ ರೇಡಿಯೋದಲ್ಲಿ ಕೇಳಿದಳು. ಆಮೇಲೆ ಇಂಗೆಮಾರ್‌ನ ದನಿ ಬಂತು.

"ಬಿಡಲಿ ಅಂತಿದ್ದಾನೆ."

"ನಿನ್ನ ಚಾಕು ಕೊಡು. ಇದರ ಬೆಸುಗೆ ಬಿಡಿಸ್ಬೇಕು," ಎಂದು ರಾಯರು ಎದ್ದರು. ಮೊಣಕಾಲು ಹಿಡಿದುಕೊಂಡಿತ್ತು. ಮಗಳು ತೋಳು ಕೊಟ್ಟಳು. ಕುರ್ಚಿಯನ್ನು ಅಲ್ಲೇ ಬಿಟ್ಟು, ಇಬ್ಬರೂ ಒದ್ದೆ ಪಾಚಿಯ ಮೇಲೆ ಮರಿಯ ಕಡೆಗೆ ನಡೆದರು.