ಮೂರನೇ ಪುಟದ ತಪ್ಪು

ಮೂರನೇ ಪುಟ ತೆರೆದುಕೊಂಡ ಕೂಡಲೇ ಅವಳ ಕಣ್ಣು ನೇರವಾಗಿ ಎಡಗಡೆಯ ಕೆಳಮೂಲೆಗೆ ಹೋಯಿತು. ನಿಧನ ವಾರ್ತೆಯ ಜಾಗ ಅದೇ. ಹದಿನೆಂಟು ವರ್ಷದಿಂದ ಪ್ರತಿ ಬುಧವಾರ ಮಧ್ಯಾಹ್ನ ಆ ಮೂಲೆಯನ್ನು ತಿದ್ದುತ್ತಾ ಬಂದವಳು ಅವಳೇ. ಈ ವಾರ ಅಲ್ಲಿ ದೊಡ್ಡಮ್ಮನ ಫೋಟೊ ಇತ್ತು.

ಉತ್ತರದ ತುದಿಯಲ್ಲಿರುವ, ಅವಳು ಬೆಳೆದ ಪುಟ್ಟ ಊರಿಗೂ ಒಂದು ವಾರಪತ್ರಿಕೆ, ನಾಲ್ಕೇ ನಾಲ್ಕು ಪುಟ. ಸಂಪಾದಕರು ಅಲ್ಲಿಂದ ಪುಟ ಕಳಿಸುತ್ತಾರೆ. ಇವಳು ಇಡೀ ಒಂದು ದಿನದ ಬಸ್ ಪ್ರಯಾಣದಷ್ಟು ದೂರದ ನಗರದಲ್ಲಿ, ಎರಡನೇ ಮಹಡಿಯ ಕೋಣೆಯಲ್ಲಿ ಕೂತು ಕರಡು ತಿದ್ದಿ ವಾಪಸ್ ಕಳಿಸುತ್ತಾಳೆ. ಹೊಟ್ಟೆಪಾಡಿಗೆ ಪಠ್ಯಪುಸ್ತಕಗಳ ಕರಡು ಬೇಕಾದಷ್ಟಿತ್ತು. ಇದು ಹೊಟ್ಟೆಪಾಡಿಗಲ್ಲ.

ಸೋಮವಾರವೇ ಅಣ್ಣ ಮೊಬೈಲಿನಿಂದ ಫೋನ್ ಮಾಡಿದ್ದ. "ಅಮ್ಮ ಹೋದ್ಲು ಕಣೇ. ಮೇಲಿನ ದಾರೀಲಿ ಹಿಮ ಬಿದ್ದು ಬಸ್ ನಿಂತಿದೆ. ಹೊರಡ್ಬೇಡ, ಮಧ್ಯದಲ್ಲಿ ಸಿಕ್ಕಿಹಾಕ್ಕೋತೀಯ." ಹೊರಡಲಿಲ್ಲ. ಮೂರು ವರ್ಷದವಳಿದ್ದಾಗ ಹೆತ್ತ ತಾಯಿಯನ್ನು ಕಳೆದುಕೊಂಡವಳನ್ನು ಎತ್ತಿಕೊಂಡು ಬಂದು, ತನ್ನ ಮಗನಾದ ಈ ಅಣ್ಣನ ಪಕ್ಕದಲ್ಲೇ ಕೂರಿಸಿ ಉಣ್ಣಿಸಿ ಬೆಳೆಸಿದ ದೊಡ್ಡಮ್ಮ. ಅವಳನ್ನು ಕೊನೆಯ ಸಲ ನೋಡಲಾಗಲಿಲ್ಲ. ಈಗ ಆ ಮುಖ ಹೆಬ್ಬೆರಳಿನಷ್ಟು ಚೌಕದಲ್ಲಿ ಕಾಣುತ್ತಿತ್ತು.

ವಯಸ್ಸು ಎಪ್ಪತ್ತೆಂಟು ಎಂದಿತ್ತು. ಎಪ್ಪತ್ತೊಂಬತ್ತು ಮಾಡಿದಳು, ವಯಸ್ಸಿನ ವಿಷಯದಲ್ಲಿ ದೊಡ್ಡಮ್ಮ ಒಂದು ದಿನವನ್ನೂ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಒಂದು ಅಲ್ಪವಿರಾಮ ತೆಗೆದಳು. ಕೊನೆಯ ಸಾಲಿಗೆ ಬಂದಳು. 'ಮೃತರು ಒಬ್ಬ ಪುತ್ರ, ಸೊಸೆ ಹಾಗೂ ಇಬ್ಬರು ಮೊಮ್ಮಕ್ಕಳನ್ನು ಅಗಲಿದ್ದಾರೆ.'

ಅಷ್ಟೇ. ಇನ್ನೊಂದು ಸಲ ಓದಿದಳು. ತಾನು ಅಲ್ಲಿರಲಿಲ್ಲ.

'ಒಬ್ಬ ಪುತ್ರಿ.' ಎರಡೇ ಪದ, ಕೀಲಿಮಣೆ ಕೈಕೆಳಗೇ ಇತ್ತು. ಹೊಡೆದಳು. ನೋಡಿದಳು. ಅಳಿಸಿದಳು. ಯಾವ ಮುಖ ಇಟ್ಟುಕೊಂಡು ಸೇರಿಸಿಕೊಳ್ಳುವುದು? ಹದಿನೆಂಟು ವರ್ಷದ ಕೆಳಗೆ, ಬೇಡವೆಂದರೂ ಕೇಳದೆ ಪೆಟ್ಟಿಗೆ ಎತ್ತಿಕೊಂಡು ಬಸ್ ಹತ್ತಿದವಳು ತಾನು. ದೊಡ್ಡಮ್ಮ ಎರಡು ವರ್ಷ ಹಾಸಿಗೆ ಹಿಡಿದಾಗ ಅನ್ನ ಕಲಸಿ ತಿನ್ನಿಸಿದವನು, ಬಟ್ಟೆ ಒಗೆದವನು ಅಣ್ಣ. ತಾನು ಹೋಗಿ ಬಂದದ್ದು ಎರಡೇ ಸಲ. ಬರೆಯುವ ಹಕ್ಕು ಅವನದು, ಅವನು ಬರೆದಿದ್ದಾನೆ. ನ್ಯಾಯವೇ. ನ್ಯಾಯವಾದರೇನು, ಆ ಸಾಲು ಬಿಟ್ಟು ಕಣ್ಣು ಕದಲಲಿಲ್ಲ.

ಅಷ್ಟರಲ್ಲಿ ಸಂಪಾದಕರ ಫೋನು. "ನೋಡಿದೆಯೇನಮ್ಮ?"

"ನೋಡಿದೆ ಸಾರ್."

"ಕೊನೇ ಸಾಲು... ಹಾಗೇ ಬಿಡ್ಲಾ?"

"ಮನೆಯವರು ಬರೆದುಕೊಟ್ಟಿದ್ದನ್ನ ನಾನು ಯಾವತ್ತು ಮುಟ್ಟಿದ್ದೀನಿ ಸಾರ್? ಅಣ್ಣ ಹೇಗೆ ಕೊಟ್ಟಿದ್ದಾನೋ ಹಾಗೇ ಹೋಗ್ಲಿ."

ಆ ವಾರ ನಾಲ್ಕೂ ಪುಟಗಳನ್ನು ಕಣ್ಣಲ್ಲಿ ಕಣ್ಣಿಟ್ಟು ತಿದ್ದಿದಳು. ಒಂದೇ ಒಂದು ತಪ್ಪನ್ನೂ ಬಿಡಲಿಲ್ಲ. ಬಿಟ್ಟರೆ ಹಿಡಿಯುವವರು ಯಾರಿದ್ದಾರೆ?

ಅದೊಂದು ಹಳೆಯ ಕಥೆ. ಊರು ಬಿಟ್ಟ ಮೇಲೆ ಎಂಟು ತಿಂಗಳು ದೊಡ್ಡಮ್ಮ ಮಾತು ಬಿಟ್ಟಿದ್ದಳು. ಒಂದು ವಾರ ಇವಳ ಕಣ್ಣು ತಪ್ಪಿ, ಆರು ಗಂಟೆಯ ಬಸ್ಸು ಒಂಬತ್ತಕ್ಕೆ ಎಂದು ಮೂರನೇ ಪುಟದಲ್ಲಿ ಅಚ್ಚಾಗಿಹೋಯಿತು. ಶನಿವಾರ ಹನ್ನೊಂದು ಗಂಟೆಗೆ ಫೋನು. "ಏನೇ, ಕಣ್ಣನ್ನ ಎಲ್ಲಿಟ್ಕೊಂಡು ತಿದ್ದಿದೆ? ಚೀಲ ಹಿಡ್ಕೊಂಡು ಬಸ್ ಸ್ಟ್ಯಾಂಡಲ್ಲಿ ದೆವ್ವದ ಹಾಗೆ ನಿಂತಿದ್ದೆ ನಾನು! ಅರ್ಧ ಊರು ನನ್ನ ಜೊತೆ ನಿಂತಿತ್ತು!" ಅರ್ಧ ಗಂಟೆ ಬೈಗುಳ. ಇಡುವ ಮುಂಚೆ, ದನಿ ತಗ್ಗಿಸಿ, "ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯೇನೇ?"

ಅಂದಿನಿಂದ ಇವಳು ಪ್ರತಿ ವಾರ ಮೂರನೇ ಪುಟದಲ್ಲಿ ಬೇಕೆಂದೇ ಒಂದು ತಪ್ಪು ಬಿಡತೊಡಗಿದಳು. ಬಸ್ಸಿನ ತಂಟೆಗೆ ಮತ್ತೆ ಹೋಗಲಿಲ್ಲ, ಪಾಪ, ಊರಿನವರೇನು ಮಾಡಿದ್ದರು! ಎರಡು ಸಲ ಬಿದ್ದ ಪದ, ತಲೆಕೆಳಗಾದ ಚಿತ್ರ, ಇಂಥವೇ. ದೊಡ್ಡಮ್ಮ ಹಾಸಿಗೆ ಹಿಡಿದ ಮೇಲೂ ಭೂತಗನ್ನಡಿ ಹಿಡಿದು ಹುಡುಕುತ್ತಿದ್ದಳು. ಶನಿವಾರ ಹನ್ನೊಂದಕ್ಕೆ ಫೋನು ತಪ್ಪಿದ್ದಿಲ್ಲ.

ಈ ಶನಿವಾರವೂ ಹನ್ನೊಂದಾಯಿತು. ಅವಳು ಪಾತ್ರೆ ತೊಳೆಯುತ್ತಿದ್ದಳು. ಫೋನು ಬಡಿದುಕೊಂಡಿತು. ಪರದೆಯ ಮೇಲೆ 'ದೊಡ್ಡಮ್ಮ' ಎಂದಿತ್ತು.

ಕೈ ಒರೆಸಿಕೊಳ್ಳುವುದೂ ಮರೆತುಹೋಯಿತು.

"ನಾನೇ ಕಣೇ," ಎಂದ ಅಣ್ಣ. ಮನೆಯ ಫೋನಿನಿಂದ ಅವನು ಯಾವತ್ತೂ ಮಾತಾಡಿದವನಲ್ಲ. "ಮೂರನೇ ಪುಟದಲ್ಲಿ ಒಂದು ತಪ್ಪು ಬಿಟ್ಟಿದ್ದೀಯ," ಎಂದ.

"ಈ ಸಲ ಬಿಟ್ಟಿಲ್ಲ."

"ಬಿಟ್ಟಿದ್ದೀಯ. ಮಕ್ಕಳು ಇಬ್ರು. ಅಲ್ಲಿರೋದು ಒಬ್ಬನೇ."

ಅವಳು ಗೋಡೆಗೆ ಒರಗಿ ಕೂತಳು. "ಬರೆದೋನು ನೀನಲ್ವಾ?"

"ಬರೀತಾ ಬರೀತಾ ಕೈ ನಿಂತೋಯ್ತು ಕಣೇ. ತಂಗಿ ಮಗಳು ಅಂತ ಬರೆದ್ರೆ ಅಮ್ಮ ಎದ್ದುಬಂದು ಕಪಾಳಕ್ಕೆ ಬಾರಿಸ್ತಾಳೆ. ಮಗಳು ಅಂತ ಬರೆಯೋಣ ಅಂದ್ರೆ, ನೀನು ಜನ್ಮದಲ್ಲಿ ಒಂದು ಸಲ ಅವಳನ್ನ ಅಮ್ಮ ಅಂತ ಕರೆದಿಲ್ಲ. ನೀನೇನಂದ್ಕೋತೀಯೋ ಅಂತ ಭಯ. ಹೇಗೂ ನಿನ್ನ ಕೈಗೇ ಬರುತ್ತಲ್ಲ, ನಿನಗೆ ಹೇಗೆ ಬೇಕೋ ಹಾಗೆ ನೀನೇ ಸೇರಿಸ್ಕೋತೀಯ ಅಂತ ಬಿಟ್ಟೆ. ಅಮ್ಮನ ವಯಸ್ಸು ತಿದ್ದಿದೀಯ. ಇದನ್ನ ಹೇಗೇ ಬಿಟ್ಟೆ?"

ಸೋಮವಾರದಿಂದ ಕಟ್ಟಿಕೊಂಡಿದ್ದ ಅಳು ಅವತ್ತು ಬಂತು. ಅಣ್ಣ ಫೋನ್ ಇಡಲಿಲ್ಲ, ಅಳುವಷ್ಟೂ ಅಳಲಿ ಎಂದು ಕಾದ.

"ನಿನ್ನ ತಪ್ಪು ಅಮ್ಮಂಗೆ ಗೊತ್ತಿತ್ತು ಕಣೇ," ಎಂದ ಆಮೇಲೆ. "'ನಾನು ಫೋನ್ ಮಾಡ್ಲಿ ಅಂತ ಬೇಕಂತ್ಲೇ ಬಿಡ್ತಾಳೆ ಕತ್ತೆ' ಅನ್ನೋಳು. ಬೇರೆ ಯಾರಾದ್ರೂ ಮೊದ್ಲು ಹುಡುಕಿಬಿಟ್ರೆ ಅವತ್ತೆಲ್ಲ ಮುಖ ಊದಿಸ್ಕೊಂಡಿರೋಳು."

ಮುಂದಿನ ಬುಧವಾರ ಮೂರನೇ ಪುಟ ಬಂದಾಗ, ಎಡಗಡೆಯ ಕೆಳಮೂಲೆಯಲ್ಲಿ 'ತಿದ್ದುಪಡಿ' ಎಂಬ ತಲೆಬರಹದ ಕೆಳಗೆ ಜಾಗ ಖಾಲಿ ಇತ್ತು. 'ನೀನೇ ಬರಿ' ಎಂದು ಸಂಪಾದಕರು ಪಕ್ಕದಲ್ಲಿ ಗುರುತು ಹಾಕಿದ್ದರು.

ಅವಳು ಬರೆದಳು: 'ಕಳೆದ ವಾರದ ನಿಧನ ವಾರ್ತೆಯಲ್ಲಿ ಒಬ್ಬ ಪುತ್ರ ಎಂದಿರುವುದನ್ನು ಒಬ್ಬ ಪುತ್ರ, ಒಬ್ಬ ಪುತ್ರಿ ಎಂದು ಓದಿಕೊಳ್ಳಬೇಕು. ತಪ್ಪಿಗೆ ವಿಷಾದಿಸುತ್ತೇವೆ.'

ಮೂರು ಸಲ ಗಟ್ಟಿಯಾಗಿ ಓದಿದಳು. ಎಲ್ಲ ಸರಿಯಿತ್ತು. ಪುಟ ಕಳಿಸುವ ಮುಂಚೆ ಪಕ್ಕದ ಸುದ್ದಿಯ ಮೇಲೆ ಕಣ್ಣು ಬಿತ್ತು. ಶಾಲೆಯ ಹೊಸ ಗಂಟೆಯ ಬಗ್ಗೆ ನಾಲ್ಕು ಸಾಲು, ಅದರಲ್ಲಿ 'ಹೊಸ' ಎಂಬ ಪದ ಎರಡು ಸಲ ಬಿದ್ದಿತ್ತು. ಅಳಿಸಲು ಬೆರಳು ಮುಂದೆ ಹೋಗಿ, ನಿಂತಿತು.

ಅದನ್ನು ಹಾಗೆಯೇ ಬಿಟ್ಟು ಪುಟ ಕಳಿಸಿದಳು.