ಸಕ್ಕರೆ ತಿನ್ನುವ ಹಿರಿಯರು

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ನಮ್ಮವರ ಆಯುಷ್ಯ ಕಡಿಮೆ ಮಾಡಲು ಊರಿಗೆ ಊರೇ ಟೊಂಕ ಕಟ್ಟಿ ನಿಂತಿರುವಾಗ ನನ್ನ ಬಾಯಿಯೊಂದರಿಂದ ಏನಾದೀತು? ಹೇಳಿಯೇ ಬಿಡುತ್ತೇನೆ: ಹುಚ್ಚೀರಪ್ಪ. ಮುಂಡರಗಿಯವರು. ನಾನು ಅವರ ಹೆಂಡತಿ ಗದಿಗೆವ್ವ.

ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಯಾರ ಮನೆಯಲ್ಲಿ ಹೆಣ್ಣುಗಂಡು ಕೂಡಿಸುವುದಿದ್ದರೂ ಇವರೇ ಹಿರಿಯರು. ಮಾತುಕತೆ ಮುಗಿದ ಮೇಲೆ ತಾಟಿನಲ್ಲಿ ಸಕ್ಕರೆ ಬರುತ್ತದೆ. ಮೊದಲ ಚಿಟಿಕೆ ಹಿರಿಯರ ಬಾಯಿಗೆ. ಅವರು ತಿಂದರೆ ಮಾತು ಗಟ್ಟಿ, ಆಮೇಲೆ ಯಾರೂ ತಿರುಗಿ ಬೀಳುವಂತಿಲ್ಲ. ನಮ್ಮವರದು ಚಿಟಿಕೆಯಲ್ಲ, ಮುಷ್ಟಿ. ಅದರ ಹಿಂದೆ ಪೇಡೆ, ಪೇಡೆಯ ಹಿಂದೆ ಹೋಳಿಗೆ. ಸಕ್ಕರೆ ಕಾಯಿಲೆ ಹಿಡಿದು ಹತ್ತು ವರ್ಷದ ಮೇಲಾಯಿತು. ಗುಳಿಗೆಯನ್ನು ನೆನಪಾದ ದಿನ ನುಂಗುತ್ತಾರೆ. ನಾನು ಬೈದರೆ, ಶುಭಕಾರ್ಯದ ಸಕ್ಕರೆ ಮೈಗೆ ಹತ್ತುವುದಿಲ್ಲವೆಂದು ನನಗೇ ಬುದ್ಧಿ ಹೇಳುತ್ತಾರೆ. ಇನ್ಸುಲಿನ್ ಬರೆದುಕೊಟ್ಟಾಗಲಂತೂ, ಅಂಗಿ ಎತ್ತಿ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುವವನ ಮಾತಿಗೆ ನಾಲ್ಕು ಜನರಲ್ಲಿ ಏನು ಕಿಮ್ಮತ್ತು ಎಂದು ಅದನ್ನು ಮುಟ್ಟಲೇ ಇಲ್ಲ.

ಹೋದ ತಿಂಗಳು ಒಂದು ಮುಂಜಾನೆ ಅವರ ಎಡತೊಡೆ ಬಾತುಕೊಂಡಿತು. ಬಿದ್ದಿಲ್ಲ, ಎಡವಿಲ್ಲ, ಭಾರ ಎತ್ತಿಲ್ಲ. ಮುಟ್ಟಿದರೆ ಕಲ್ಲಿನಂತೆ ಗಟ್ಟಿ, ಮಗ್ಗುಲು ಬದಲಿಸಿದರೆ ಚೀರುತ್ತಾರೆ. ನಮ್ಮ ಓಣಿಯಲ್ಲಿ ಡಾಕ್ಟರರಿಗೇನು ಬರ? ಒಬ್ಬರು ವಾಯು ಎಂದರು, ಒಬ್ಬರು ಯಾರದೋ ಕಣ್ಣು ತಾಗಿದೆ ಎಂದರು. ಗರಡಿಮನೆಯ ಲಾಡಸಾಬ, ಇವರ ಚಿಕ್ಕಂದಿನ ಗೆಳೆಯ, ಇದು ಉಳುಕು ಎಂದು ತೀರ್ಪು ಕೊಟ್ಟು ಬಿಸಿ ಎಣ್ಣೆ ಹಾಕಿ ತಿಕ್ಕಿದ. ಪೈಲ್ವಾನನ ಕೈ, ಅದಕ್ಕೆ ಗೆಳೆತನದ ಪ್ರೀತಿ ಬೇರೆ ಸೇರಿತ್ತು. ಮರುದಿನ ತೊಡೆ ಇನ್ನಷ್ಟು ಬಾತಿತ್ತು. ಆಗ ಅವನೇ ಅಳುಮುಖ ಮಾಡಿಕೊಂಡು ಗಾಡಿ ತಂದು ಗದಗಿಗೆ ಕರೆದೊಯ್ದ.

ಅಲ್ಲಿ ಡಾಕ್ಟರ್ ಅಮೀರಾ ರಕ್ತ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ನನ್ನನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು. ಇದು ಕೀವಲ್ಲ, ಉಳುಕಲ್ಲ. ವರ್ಷಗಟ್ಟಲೆ ಸಕ್ಕರೆ ಹತೋಟಿಯಲ್ಲಿಲ್ಲದೆ ಸಣ್ಣ ರಕ್ತನಾಳಗಳು ಕಟ್ಟಿಕೊಂಡಿವೆ. ರಕ್ತ ಸಿಗದೆ ತೊಡೆಯ ಸ್ನಾಯುವಿನ ಒಂದು ಭಾಗ ಸತ್ತಿದೆ. ಬಹಳ ಅಪರೂಪದ್ದು. ಕೊಯ್ಯುವುದು ಬೇಡ, ತಿಕ್ಕುವುದಂತೂ ಬೇಡವೇ ಬೇಡ. ಕಾಲಿಗೆ ವಿಶ್ರಾಂತಿ ಬೇಕು, ಇನ್ಸುಲಿನ್ ತಪ್ಪಬಾರದು.

“ಈ ಸಲ ಕಾಲು ಉಳೀತೈತ್ರಿ ಅಮ್ಮಾ,” ಎಂದರು. “ಸಕ್ರಿ ಹಿಂಗ ಇದ್ರ ಇನ್ನೊಂದು ತೊಡಿಗೂ ಬರಬಹುದು. ಆಮ್ಯಾಲೆ ಬರೇ ಕಾಲಿನ ಮಾತು ಇರಂಗಿಲ್ಲ.”

ಸೂಜಿ ಚುಚ್ಚುವುದನ್ನು ಅಲ್ಲಿಯೇ ಕಲಿತುಕೊಂಡೆ.

ನಮ್ಮವರ ಕಿವಿಗೆ ಬಿದ್ದದ್ದು ಒಂದೇ ಮಾತು, ಅಪರೂಪ. ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅದರದೇ ವರ್ಣನೆ. ನೆಗಡಿ ಕೆಮ್ಮು ಕಂಡಕಂಡವರಿಗೆ ಬರುತ್ತದೆ, ಇಂಥದ್ದು ಬರಲು ಯೋಗ ಬೇಕಂತೆ. ಇವರ ತೊಡೆ ನೋಡಲು ದೂರದೂರಿನಿಂದ ದೊಡ್ಡ ಡಾಕ್ಟರರು ಬಂದಿದ್ದರಂತೆ. ನಾನು ಕಂಡಂತೆ ಬಂದದ್ದು ಚಾದರ ಬದಲಿಸುವವನು. ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ, ಬಂದವರು ಬಾಳೆಹಣ್ಣು ತಂದರು, ಬಿಸ್ಕೀಟು ತಂದರು, ಗ್ಲೂಕೋಸ್ ಡಬ್ಬಿ ತಂದರು. ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸು! ಎಲ್ಲವನ್ನೂ ಕಿತ್ತುಕೊಂಡು ಓಣಿಗೆ ಹಂಚಿ ಘಟವಾಣಿ ಎನ್ನಿಸಿಕೊಂಡೆ. ಎನ್ನಲಿ. ಆದರೆ ಜನ ಕುಳಿತಿರುವಾಗ ಸೂಜಿ ಹಿಡಿದು ಹೋದರೆ ನಮ್ಮವರು ಕಣ್ಣು ಕೆಂಪು ಮಾಡುತ್ತಾರೆ. ಜನ ಏಳುವುದಿಲ್ಲ, ಸೂಜಿ ತಪ್ಪುತ್ತದೆ.

ಬೆಳ್ಳಟ್ಟಿಯ ಫಕ್ಕೀರಗೌಡನ ಮಗಳಿಗೂ ಶಿರಹಟ್ಟಿಯ ಹುಡುಗನಿಗೂ ಇವರೇ ಮಾತು ನಡೆಸಿದ್ದರು. ಸಕ್ಕರೆ ತಿನ್ನುವುದೊಂದೇ ಬಾಕಿ. ಹಿರಿಯರು ಬರಲಾಗದಿದ್ದರೆ ಹಿರಿಯರಿದ್ದಲ್ಲಿಗೇ ಹೋಗೋಣವೆಂದು ಎರಡೂ ಕಡೆಯವರು ಗಾಡಿ ಮಾಡಿಕೊಂಡು ನಮ್ಮ ಮನೆಗೇ ಬಂದು ಹಾಸಿಗೆಯ ಸುತ್ತ ಕುಳಿತರು. ಲಾಡಸಾಬನೂ ಇದ್ದ. ನಮ್ಮವರು ರುಮಾಲು ತರಿಸಿ ಸುತ್ತಿಕೊಂಡರು. ಮೇಲೆ ರುಮಾಲು, ಚಾದರದಡಿ ಸತ್ತ ಮಾಂಸ. ಅಷ್ಟರಲ್ಲಿ ತಾಟು ಬಂತು, ಸಕ್ಕರೆಯ ಗುಡ್ಡ.

ನಾನು ಬೇಡವೆಂದೆ. ಗೌಡ ನಕ್ಕ. ಒಂದು ಚಿಟಿಕೆಗೆ ಏನಾಗುತ್ತದೆ, ಹಿರಿಯರು ಬಾಯಿ ಸಿಹಿ ಮಾಡಿಕೊಳ್ಳದಿದ್ದರೆ ಹುಡುಗಿಗೆ ಅಪಶಕುನವಲ್ಲವೇ ಎಂದ. ಹುಡುಗನ ಕಡೆಯವರು ಮುಖ ಮುಖ ನೋಡಿಕೊಂಡರು. ನಮ್ಮವರು ಆಗಲೇ ಗುಬ್ಬಿಮರಿಯಂತೆ ಬಾಯಿ ತೆರೆದಿದ್ದರು. ಒಂದು ಚಿಟಿಕೆಯಿಂದ ಪ್ರಾಣ ಹೋಗುವುದಿಲ್ಲವೆಂದು ನನಗೂ ಗೊತ್ತು. ಆದರೆ ಇಲ್ಲಿ ಚಿಟಿಕೆಗೆ ಬಾಯಿ ತೆರೆದವರು ಮುಂದಿನ ಮನೆಯಲ್ಲಿ ಮುಷ್ಟಿಗೆ ಬೇಡವೆನ್ನುತ್ತಾರೆಯೇ? ನನ್ನ ತಲೆ ಕೆಟ್ಟಿತು. ತಾಟು ಕಸಿದು ಎಲ್ಲರ ನಡುವೆ ಇಟ್ಟೆ.

“ತಿನ್ನಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ತಿನ್ನಿಸಿದವ್ರು ಇಲ್ಲೇ ಇರ್ಬೇಕು. ನಾಳೆ ಮುಂಜಾನೆ ಇವ್ರನ್ನ ಸಂಡಾಸಕ್ಕ ಹೊತ್ಕೊಂಡು ಹೋಗ್ಬೇಕು, ತೊಳೀಬೇಕು, ತಿರುಗಿ ತಂದು ಮಲಗಸ್ಬೇಕು. ಯಾರು ತಿನ್ನಸ್ತೀರಿ, ಮುಂದ ಬರ್ರಿ.”

ಗೌಡನ ಕೈ ತನ್ನ ಜೇಬಿನೊಳಗೆ ಹೋಯಿತು. ಹುಡುಗನ ಸೋದರಮಾವ ರಿಂಗಾಗದ ಫೋನನ್ನು ಕಿವಿಗೆ ಹಿಡಿದು ಹೊರಗೆ ಎದ್ದುಹೋದ. ಲಾಡಸಾಬ ತಾನು ತಿಕ್ಕಿದ ಕೈಗಳನ್ನೇ ನೋಡುತ್ತ ಕುಳಿತ.

ನಮ್ಮವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಇವರು ಕೂಡಿಸಿದ ಸಂಬಂಧದಿಂದ ಮೊಮ್ಮಕ್ಕಳನ್ನು ಆಡಿಸುತ್ತಿರುವವರೂ ಅಲ್ಲಿದ್ದರು. ಯಾರೂ ತಲೆ ಎತ್ತಲಿಲ್ಲ. ತೆರೆದ ಬಾಯಿ ಮೆಲ್ಲಗೆ ಮುಚ್ಚಿತು. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಕೈ ಚಾಚಿ ಒಂದು ಚಿಟಿಕೆ ಸಕ್ಕರೆ ಎತ್ತಿಕೊಂಡರು.

“ಬಾ ಇಲ್ಲೆ,” ಎಂದರು ನನಗೆ. “ನನ್ನ ಹೊರಾಕಿ ನೀನು. ಇವತ್ತು ಹಿರ್ಯಾಕಿನೂ ನೀನ. ತಗೋ.”

ನಾಲ್ಕು ಜನರೆದುರು ಗಂಡನ ಕೈಯಿಂದ ತಿಂದದ್ದು ನನ್ನ ಮದುವೆಯ ದಿನ ಬಿಟ್ಟರೆ ಅಂದೇ. ಹೆಂಗಸು ತಿಂದರೆ ಮಾತು ಗಟ್ಟಿಯಾಗುತ್ತದೆಯೇ ಎಂದು ಗೌಡ ತಲೆ ಕೆರೆದುಕೊಂಡ. ಗಟ್ಟಿ ಆಯಿತು, ಇನ್ನು ಮಂಟಪದ ಸಿದ್ಧತೆ ನೋಡಿರಿ ಎಂದರು ನಮ್ಮವರು. ಆಮೇಲೆ ಸೂಜಿ ತಾ ಎಂದು ನನಗೆ ಹೇಳಿ, ಅಷ್ಟೂ ಜನರೆದುರು ತಾವೇ ಅಂಗಿ ಮೇಲೆತ್ತಿದರು.